ಹೆಸರಿನ ಪ್ರಾಮಾಣ್ಯ

ಪೇಟೆಯಲ್ಲಿ ವಸ್ತುವಿಗಿಂತ ಮೊದಲು ನಮ್ಮನ್ನು ಎದುರುಗೊಳ್ಳುವುದು ವಸ್ತುವಿನ ಹೆಸರು. ಮಣ್ಣಿನ ಕೊಡವನ್ನು ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ ದನಿಯನ್ನು ಆಲಿಸುತ್ತಿದ್ದಳು. ಸೀರೆಯನ್ನು ಕೊಳ್ಳುವವರು ಸೆರಗನ್ನು ಬೆಳಕಿಗೆ ಹಿಡಿದು ಎಳೆಗಳ ನೇಯ್ಗೆಯನ್ನು ನೋಡುತ್ತಿದ್ದರು. ಅಕ್ಕಿಯನ್ನು ಕೊಳ್ಳುವವರು ಎರಡು ಕಾಳನ್ನು ಹಲ್ಲಿನಲ್ಲಿ ಕಡಿದು ಹಳೆಯದೋ ಹೊಸದೋ ಎಂದು ನಿಶ್ಚಯಿಸುತ್ತಿದ್ದರು. ಕಣ್ಣು, ಕಿವಿ, ಕೈ, ನಾಲಗೆಗಳೇ ಅಲ್ಲಿ ಸಾಕ್ಷಿಗಳು. ಗಣಕಯಂತ್ರವನ್ನು ಕೊಳ್ಳಹೋದವನಿಗೆ ಈ ಸಾಕ್ಷಿಗಳಲ್ಲಿ ಒಂದೂ ನೆರವಿಗೆ ಬಾರದು. ಮುಚ್ಚಿದ ಪೆಟ್ಟಿಗೆ, ಅದರೊಳಗೆ ಮುಚ್ಚಿದ ಬಿಲ್ಲೆಗಳು, ಅವುಗಳೊಳಗೆ ಕಣ್ಣಿಗೆ ಕಾಣದ ಗೆರೆಗಳು. ಆದ್ದರಿಂದ ಅವನು ಕೊಳ್ಳುವುದು ಹೆಸರನ್ನು. ವಸ್ತು ಹೆಸರಿನ ಬೆನ್ನು ಹಿಡಿದು ಮನೆಗೆ ಬರುತ್ತದೆ.

ವರ್ಷ ವರ್ಷವೂ ಕಾಲೇಜುಗಳು ತೆರೆಯುವ ಕಾಲಕ್ಕೆ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅಧ್ಯಾಪಕರ ಮುಂದೆ ಇಡುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ: ಯಾವ ಕಂಪೆನಿಯ ಯಂತ್ರವನ್ನು ನಂಬಬಹುದು, ಯಾವುದನ್ನು ದೂರವಿಡಬೇಕು? ವಿಜ್ಞಾನದ ಅಧ್ಯಾಪಕರನ್ನು ಮಾತ್ರವೇ ಕೇಳುತ್ತಾರೆಂದಲ್ಲ, ಕನ್ನಡದ ಅಧ್ಯಾಪಕನಾದ ನನ್ನನ್ನೂ ಕೇಳುತ್ತಾರೆ. ಇವನಿಗೆ ಇದರಲ್ಲಿ ಯಾವ ಲಾಭವೂ ಇಲ್ಲವೆಂಬ ಭರವಸೆಯೇ ಅದಕ್ಕೆ ಕಾರಣವಿರಬೇಕು. ಪ್ರಶ್ನೆ ಚಿಕ್ಕದೆಂದು ತೋರಿದರೂ ಅದರ ಭಾರ ಚಿಕ್ಕದಲ್ಲ. ಮಧ್ಯಮವರ್ಗದ ಸಂಸಾರವೊಂದು ಹಲವು ತಿಂಗಳು ಉಳಿಸಿದ ಹಣ, ಕೆಲವೊಮ್ಮೆ ಸಾಲ ತಂದ ಹಣ, ಆ ಪೆಟ್ಟಿಗೆಗೆ ಹೋಗುತ್ತದೆ. ಸಂಶೋಧಕನ ನಾಲ್ಕು ವರ್ಷದ ಟಿಪ್ಪಣಿಗಳೂ ಲೇಖಕನ ಹಸ್ತಪ್ರತಿಯೂ ಅದರಲ್ಲಿ ವಾಸಿಸುತ್ತವೆ. ಕೊಡ ಒಡೆದರೆ ನೀರು ಹೋದೀತು; ಇದು ಒಡೆದರೆ ಹೋಗುವುದು ತುಂಬಿಸಿಕೊಳ್ಳಲಾಗದ ವಸ್ತು.

ಈ ಪ್ರಶ್ನೆ ಈಚೆಗೆ ಇನ್ನಷ್ಟು ತೀಕ್ಷ್ಣವಾಗಿದೆ. ೨೦೨೫ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ರಾನ್ ಕಂಪೆನಿಯು ತನ್ನ 'ಕ್ರೂಷಿಯಲ್' ಎಂಬ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಸ್ಮೃತಿಫಲಕಗಳನ್ನು ಮಾರುವ ವ್ಯಾಪಾರದಿಂದ ಹೊರಬರುವುದಾಗಿ ಪ್ರಕಟಿಸಿತು. ೧೯೯೬ರಿಂದ ನಡೆದುಬಂದ, ಬಲ್ಲವರು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತಿದ್ದ ಹೆಸರು ಅದು. ಅದು ನಿಂತದ್ದು ದೋಷದಿಂದಲ್ಲ, ನಷ್ಟದಿಂದಲೂ ಅಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಅದೇ ಸರಕಿಗೆ ಹೆಚ್ಚಿನ ಬೆಲೆಯನ್ನು ಕೊಡಲು ಸಿದ್ಧವಾಗಿದ್ದವು, ಅಷ್ಟೆ. ಆ ವರ್ಷದ ಕೊನೆಯಲ್ಲಿ ಸ್ಮೃತಿಫಲಕಗಳ ಬೆಲೆ ಏರಿತು; ಏರಿದ ಬೆಲೆಯ ಹಿಂದೆಯೇ ಕೇಳರಿಯದ ಹೆಸರುಗಳ ಪ್ರಲೋಭನೆಯೂ ಬರುತ್ತದೆ. ಹೀಗಿರಲು ಹೆಸರನ್ನು ನಂಬುವುದೆಂದರೇನು, ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಕೊಂಚ ನಿಧಾನವಾಗಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಆಪ್ತನಾರು?

ನಮ್ಮ ನೈಯಾಯಿಕರು ತಿಳಿವಿನ ಸಾಧನಗಳನ್ನು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಬಗೆಯಾಗಿ ಎಣಿಸಿದರು. ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕೆಂದೂ ವಿಧಿಸಿದರು. ಆಪ್ತನ ಲಕ್ಷಣ ಎರಡು: ವಸ್ತುವನ್ನು ಇದ್ದಂತೆ ಬಲ್ಲವನಾಗಿರಬೇಕು, ಬಲ್ಲುದನ್ನು ಬಲ್ಲಂತೆ ಹೇಳುವ ಇಚ್ಛೆಯುಳ್ಳವನಾಗಿರಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅವನ ಮಾತು ಮಾತಾದೀತೇ ಹೊರತು ಪ್ರಮಾಣವಾಗದು.

ಈ ಒರೆಗಲ್ಲಿಗೆ ಇಂದಿನ ಪೇಟೆಯನ್ನು ತಿಕ್ಕಿ ನೋಡೋಣ. ಯಂತ್ರವನ್ನು ಮಾಡಿದವನು ಅದರ ಗುಣದೋಷಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲನು. ಆದರೆ ಹೇಳುವ ಇಚ್ಛೆ ಅವನಿಗೆ ಗುಣದ ವಿಷಯದಲ್ಲಿ ಮಾತ್ರ. ನೆರೆಮನೆಯ ಮಿತ್ರನಿಗೆ ನಿಜವನ್ನು ಹೇಳುವ ಇಚ್ಛೆ ಪೂರ್ಣವಾಗಿದೆ. ಆದರೆ ಅವನು ಬಲ್ಲುದು ತಾನು ಕೊಂಡ ಒಂದೇ ಯಂತ್ರವನ್ನು. ಅದು ಐದು ವರ್ಷ ಬಾಳಿದ್ದರೆ ಆ ಕಂಪೆನಿ ದೇವರು, ಐದು ತಿಂಗಳಿಗೆ ಕೆಟ್ಟಿದ್ದರೆ ದೆವ್ವ. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಬೀದಿಯ ಅಂಗಡಿಕಾರ ಈ ಇಬ್ಬರ ನಡುವೆ ನಿಂತಿದ್ದಾನೆ. ಯಾವ ಮಾಲು ಹೆಚ್ಚಾಗಿ ಹಿಂದಕ್ಕೆ ಬರುತ್ತದೆಂಬುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಆದರೆ ಯಾವುದರಲ್ಲಿ ಅವನಿಗೆ ಉಳಿತಾಯ ಹೆಚ್ಚೆಂಬುದನ್ನೂ ಅವನೇ ಕಾಣುತ್ತಾನೆ. ಹಳೆಯ ಪರಿಚಯವಿದ್ದವರಿಗೆ ಅವನು ಆಪ್ತ, ಮಿಕ್ಕವರಿಗೆ ವ್ಯಾಪಾರಿ.

ಎರಡು ಲಕ್ಷಣವೂ ಕೂಡಿದ ಆಪ್ತರು ವಿರಳವೆಂದ ಮೇಲೆ, ನಾವು ಹೆಸರಿನ ಮೊರೆ ಹೋಗುವುದು ಸಹಜವೇ. ಆದರೆ ಹೆಸರೆಂಬುದು ಏನನ್ನು ಸೂಚಿಸುತ್ತದೆ? ಇಲ್ಲಿಯೇ ಮೊದಲನೆಯ ತೊಡಕು.

ಹೆಸರೊಂದು, ಒಡಲೊಂದು

೨೦೦೬ರ ಆಗಸ್ಟಿನಲ್ಲಿ ಡೆಲ್ ಕಂಪೆನಿಯು ತನ್ನ ಲ್ಯಾಪ್‌ಟಾಪುಗಳ ಬ್ಯಾಟರಿಗಳಲ್ಲಿ ೪೧ ಲಕ್ಷವನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಅವು ಅತಿಯಾಗಿ ಕಾಯ್ದು ಹೊತ್ತಿಕೊಳ್ಳುವ ಭಯವಿತ್ತು. ಅದೇ ತಿಂಗಳು ಆಪಲ್ ಕಂಪೆನಿಯು ೧೮ ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಿತು. ಆ ವರ್ಷದಲ್ಲಿಯೇ ಲೆನೊವೊ, ತೋಷಿಬಾ, ಫುಜಿತ್ಸು ಕಂಪೆನಿಗಳೂ ಅದೇ ಹಾದಿ ಹಿಡಿದುವು. ಹೆಸರುಗಳು ಐದು, ಒಳಗಿನ ಕೋಶಗಳು ಒಂದೇ ಸೋನಿ ಕಂಪೆನಿಯವು. ಡೆಲ್ಲನ್ನು ದೂರವಿಟ್ಟು ಆಪಲನ್ನು ಕೊಂಡ ಜಾಣನೂ, ಆಪಲನ್ನು ದೂರವಿಟ್ಟು ಡೆಲ್ಲನ್ನು ಕೊಂಡ ಜಾಣನೂ ಒಂದೇ ಕೆಂಡವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಇದಕ್ಕೂ ಸ್ವಲ್ಪ ಮುಂಚೆ, ಈ ಶತಮಾನದ ಮೊದಲ ವರ್ಷಗಳಲ್ಲಿ, ಗಣಕಯಂತ್ರಗಳ ಮಾತೃಫಲಕಗಳಲ್ಲಿ ಕೆಪಾಸಿಟರ್ ಎಂಬ ಸಣ್ಣ ಭಾಗಗಳು ಊದಿ ಒಡೆಯತೊಡಗಿದ್ದುವು. ಒಳಗಿನ ದ್ರಾವಣದ ಪಾಕ ಕೆಟ್ಟಿದ್ದುದೇ ಕಾರಣ. ಕೆಲವು ಪೈಸೆಯ ಆ ಭಾಗಗಳು ಯಾವ ಯಾವ ಹೆಸರಿನ ಯಂತ್ರದೊಳಗೆ ಹೊಕ್ಕಿದ್ದುವೋ ಅವೆಲ್ಲ ಹೆಸರುಗಳಿಗೂ ಕಳಂಕ ತಂದುವು. ಡೆಲ್ ಒಂದೇ ೨೦೦೫ರಲ್ಲಿ ಇದರ ಪರಿಹಾರಕ್ಕೆಂದು ೩೦ ಕೋಟಿ ಡಾಲರನ್ನು ತೆಗೆದಿರಿಸಬೇಕಾಯಿತು. ಲಕ್ಷದ ರಥ ಕಡಾಣಿ ಕಳಚಿ ನಿಂತಂತಾಯಿತು.

ಇಂದಿಗೂ ಸ್ಥಿತಿ ಬೇರೆಯಾಗಿಲ್ಲ. ಅಂಗಡಿಯ ಗಾಜಿನ ಹಿಂದೆ ಸಾಲಾಗಿ ಬೆಳಗುವ ಲ್ಯಾಪ್‌ಟಾಪುಗಳಲ್ಲಿ ಅನೇಕವನ್ನು ಜೋಡಿಸುವವರು ಕ್ವಾಂಟಾ, ಕಂಪಾಲ್ ಮೊದಲಾದ ಕೆಲವೇ ತೈವಾನ್ ಸಂಸ್ಥೆಗಳು. ತಿರುಗುವ ಹಾರ್ಡ್ ಡಿಸ್ಕುಗಳನ್ನು ಜಗತ್ತಿನಲ್ಲಿ ಮಾಡುವವರು ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಸ್ಮೃತಿಯ ಬಿಲ್ಲೆಗಳಲ್ಲಿ ಬಹುಪಾಲು ಬರುವುದೂ ಮೂವರಿಂದಲೇ: ಸ್ಯಾಮ್ಸಂಗ್, ಎಸ್‌.ಕೆ. ಹೈನಿಕ್ಸ್, ಮೈಕ್ರಾನ್. ಆಯ್ಕೆ ನೂರಾರು ಹೆಸರುಗಳ ನಡುವೆ ಎಂದು ನಾವು ಭ್ರಮಿಸುವಲ್ಲಿ, ನಿಜವಾದ ಆಯ್ಕೆ ಬೆರಳೆಣಿಕೆಯ ಕಾರ್ಖಾನೆಗಳ ನಡುವೆ ಇದೆ. ಉತ್ಸವಮೂರ್ತಿಗಳು ಬೇರೆ ಬೇರೆ. ಎರಕದ ಮನೆ ಒಂದೇ.

ಹಾಗಾದರೆ ಹೆಸರಿಗೆ ಅರ್ಥವೇ ಇಲ್ಲವೇ? ಇದೆ. ಭಾಗಗಳನ್ನು ಆರಿಸುವುದು, ಪರೀಕ್ಷಿಸುವುದು, ಕೆಟ್ಟಾಗ ಹೊಣೆ ಹೊರುವುದು ಹೆಸರಿನವನ ಕೆಲಸ. ಹೆಸರು ವಸ್ತುವಿನ ಗುಣಕ್ಕೆ ಹಾಕಿದ ಮುದ್ರೆಯಲ್ಲ, ಹೊಣೆಗಾರಿಕೆಗೆ ಹಾಕಿದ ರುಜು. ಈ ಭೇದವನ್ನು ಮರೆತರೆ ಮುಂದಿನ ವಿಚಾರವೆಲ್ಲ ಹಳಿ ತಪ್ಪುತ್ತದೆ.

ಒಂದು ಡಿಸ್ಕಿನ ಚರಿತ್ರೆ

ಹೆಸರುಗಳ ಏಳುಬೀಳುಗಳನ್ನು ಕಲಿಸುವ ಪಾಠಗಳಲ್ಲಿ 'ಡೆಸ್ಕ್‌ಸ್ಟಾರ್' ಎಂಬ ಹಾರ್ಡ್ ಡಿಸ್ಕಿನ ಕಥೆಯಷ್ಟು ಬೋಧಪ್ರದವಾದುದು ಇನ್ನೊಂದಿಲ್ಲ. ಹಾರ್ಡ್ ಡಿಸ್ಕನ್ನು ಲೋಕಕ್ಕೆ ಕೊಟ್ಟವರೇ ಐಬಿಎಂ ಕಂಪೆನಿಯವರು. ೧೯೫೬ರಲ್ಲಿ ಅವರು ಹೊರತಂದ 'ರಮ್ಯಾಕ್' ಎಂಬ ಯಂತ್ರದಲ್ಲಿ ಎರಡಡಿ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಅಂಥ ಮೂಲಪುರುಷರು ೨೦೦೦ದಲ್ಲಿ ಡೆಸ್ಕ್‌ಸ್ಟಾರ್ ಸಾಲಿನ ಹೊಸದೊಂದು ಮಾಡೆಲನ್ನು ಮಾರಿದಾಗ ಯಾರು ತಾನೆ ಸಂದೇಹಪಟ್ಟಾರು? ೭೫ಜಿಎಕ್ಸ್‌ಪಿ ಎಂದು ಅದರ ಸಂಕೇತ. ಆದರೆ ಅದು ಎಲ್ಲೆಲ್ಲೂ ಕೆಡತೊಡಗಿತು. ಜನ ಅದನ್ನು 'ಡೆತ್‌ಸ್ಟಾರ್' ಎಂದು, ಎಂದರೆ ಮೃತ್ಯುತಾರೆಯೆಂದು, ಕರೆದರು. ೨೦೦೧ರಲ್ಲಿ ಗ್ರಾಹಕರು ಕೂಡಿ ಮೊಕದ್ದಮೆ ಹೂಡಿದರು. ೨೦೦೨ರಲ್ಲಿ ಐಬಿಎಂ ಆ ವ್ಯಾಪಾರವನ್ನೇ ಹಿಟಾಚಿಗೆ ಮಾರಲು ಒಪ್ಪಿತು.

ಇಲ್ಲಿಗೆ ಕಥೆ ಮುಗಿದಿದ್ದರೆ, ಆ ಹೆಸರನ್ನು ಎಂದೆಂದಿಗೂ ಮುಟ್ಟಬೇಡಿರೆಂದು ನೀತಿ ಹೇಳಿ ಸುಮ್ಮನಾಗಬಹುದಾಗಿತ್ತು. ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆಯಿದೆ. ಪರರ ಕಡತಗಳ ಪ್ರತಿಗಳನ್ನು ಕಾಪಾಡುವುದು ಅದರ ಉದ್ಯೋಗ. ತಾನು ನಡೆಸುವ ಸಹಸ್ರಾರು ಡಿಸ್ಕುಗಳಲ್ಲಿ ಯಾವ ಮಾಡೆಲು ವರ್ಷಕ್ಕೆ ನೂರಕ್ಕೆ ಎಷ್ಟು ಕೆಡುತ್ತದೆಂಬ ಲೆಕ್ಕವನ್ನು ಅದು ೨೦೧೪ರಿಂದ ಬಹಿರಂಗವಾಗಿ ಪ್ರಕಟಿಸುತ್ತ ಬಂದಿದೆ. ಆ ಮೊದಲನೆಯ ಲೆಕ್ಕದಲ್ಲಿ ಅತ್ಯಂತ ಬಾಳಿಕೆಯವೆಂದು ಕಂಡುಬಂದುವು ಯಾವುವು? ಹಿಟಾಚಿಯ ಡಿಸ್ಕುಗಳು, ಅವುಗಳಲ್ಲಿಯೂ ಡೆಸ್ಕ್‌ಸ್ಟಾರ್ ಎಂಬ ಅದೇ ಹಳೆಯ ಹೆಸರನ್ನು ಹೊತ್ತವು! ಹತ್ತು ಹನ್ನೆರಡು ವರ್ಷ ಹಿಂದಿನ ಶಾಪವನ್ನು ನೆನೆದು ಅವನ್ನು ದೂರವಿಟ್ಟವರು ಪೇಟೆಯಲ್ಲಿದ್ದ ಉತ್ತಮ ವಸ್ತುವನ್ನೇ ದೂರವಿಟ್ಟಂತಾಯಿತು. ಆ ವೇಳೆಗೆ, ೨೦೧೨ರಲ್ಲಿ, ವೆಸ್ಟರ್ನ್ ಡಿಜಿಟಲ್ ಕಂಪೆನಿಯು ಹಿಟಾಚಿಯ ಆ ಶಾಖೆಯನ್ನು ಕೊಂಡಾಗಿತ್ತು. ಶಾಪವೂ ವರವೂ ಮೂರನೆಯ ಮನೆಗೆ ಹೋದುವು.

ಅದೇ ಸಂಸ್ಥೆಯ ಲೆಕ್ಕದಲ್ಲಿ ಸೀಗೇಟಿನ ೩ ಟೆರಾಬೈಟ್ ಮಾಡೆಲೊಂದು ಭೀಕರವಾಗಿ ಸೋತಿತು; ೨೦೧೬ರಲ್ಲಿ ಅದರ ಮೇಲೂ ಮೊಕದ್ದಮೆ ಬಂತು. ಆದರೆ ಅದೇ ಸೀಗೇಟಿನ ೪ ಟೆರಾಬೈಟ್ ಮಾಡೆಲು, ಅದೇ ಕಟ್ಟಡದಲ್ಲಿ, ಅದಕ್ಕಿಂತ ಬಹುಮಟ್ಟಿಗೆ ಚೆನ್ನಾಗಿ ದುಡಿಯಿತು. ಇದರಿಂದ ಸಿದ್ಧವಾಗುವುದೇನು? ಗುಣದೋಷಗಳ ನೆಲೆ ಕಂಪೆನಿಯಲ್ಲ, ಮಾಡೆಲು. ಒಂದು ಮನೆತನದಲ್ಲಿ ಹುಟ್ಟಿದವರೆಲ್ಲ ಸಜ್ಜನರೆನ್ನುವುದು ಎಷ್ಟು ತಪ್ಪೋ, ಒಬ್ಬನ ದೋಷಕ್ಕಾಗಿ ಮನೆತನವನ್ನೇ ಬಹಿಷ್ಕರಿಸುವುದು ಅಷ್ಟೇ ತಪ್ಪು.

ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕ್‌ಬ್ಲೇಜಿನದು ಅನುಮಾನ ಪ್ರಮಾಣ. ಹಲವು ಸಾವಿರ ದೃಷ್ಟಾಂತಗಳಿಂದ ಹೊರಟ ನಿಗಮನ. ಅದಕ್ಕೂ ಮಿತಿಯುಂಟು. ತಂಪಾದ, ಸದಾ ವಿದ್ಯುತ್ತಿರುವ ಅವರ ಕೊಠಡಿ ಬೇರೆ. ಬೇಸಗೆಯಲ್ಲಿ ಕರೆಂಟು ಹತ್ತು ಬಾರಿ ಹೋಗಿ ಬರುವ ನಮ್ಮ ಊರಿನ ಮನೆ ಬೇರೆ. ಆದರೂ ಒಂದು ದೊಡ್ಡ ಸತ್ಯವನ್ನು ಆ ಲೆಕ್ಕ ತಿಳಿಸುತ್ತದೆ. ಅವರ ಎಲ್ಲ ಡಿಸ್ಕುಗಳ ಒಟ್ಟು ಕೆಡುವಿಕೆ ೨೦೨೩ರಲ್ಲಿ ಶೇಕಡ ೧.೪೦, ೨೦೨೪ರಲ್ಲಿ ಶೇಕಡ ೧.೫೭. ಎಂದರೆ ನೂರರಲ್ಲಿ ಒಂದೋ ಎರಡೋ ವರ್ಷಕ್ಕೆ ಕೆಟ್ಟೇ ಕೆಡುತ್ತವೆ. ಎಷ್ಟು ಒಳ್ಳೆಯ ಹೆಸರನ್ನು ಆರಿಸಿದರೂ, ಆ ಒಂದು ನಮ್ಮ ಮೇಜಿನ ಮೇಲಿನದೇ ಆಗಲಾರದೆಂದು ಯಾವ ಕಂಪೆನಿಯೂ ಬರೆದುಕೊಡದು. ಹಸ್ತಪ್ರತಿಯನ್ನು ಕಾಪಾಡುವುದು ಬ್ರ್ಯಾಂಡಲ್ಲ, ಎರಡನೆಯ ಪ್ರತಿ. ತಾಳೆಗರಿಯ ಕಾಲದಲ್ಲಿ ನಮ್ಮ ಗ್ರಂಥಗಳು ಉಳಿದುದು ಗರಿ ಗಟ್ಟಿಯಾಗಿದ್ದುದರಿಂದಲ್ಲ, ಲಿಪಿಕಾರರು ಮತ್ತೆ ಮತ್ತೆ ಪ್ರತಿ ಮಾಡಿದುದರಿಂದ.

ದೋಷ ಬೇರೆ, ವಂಚನೆ ಬೇರೆ

ಕಂಪೆನಿಯನ್ನು ತೂಗಲು ಹಾಗಾದರೆ ಯಾವ ತಕ್ಕಡಿ? ಅದು ತಪ್ಪು ಮಾಡಿತೇ ಎಂಬುದಲ್ಲ. ತಪ್ಪಾದ ಮೇಲೆ ಹೇಗೆ ನಡೆದುಕೊಂಡಿತು ಎಂಬುದು ಎಂದು ನನಗೆ ತೋರುತ್ತದೆ.

೧೯೯೪ರಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿಯವರು ಅವಳಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಇಂಟೆಲ್ ಕಂಪೆನಿಯ ಪೆಂಟಿಯಂ ಪ್ರೊಸೆಸರು ಕೆಲವು ಭಾಗಾಕಾರಗಳಲ್ಲಿ ತಪ್ಪುತ್ತಿದೆಯೆಂಬುದನ್ನು ಕಂಡುಹಿಡಿದರು. ಸಾಮಾನ್ಯ ಬಳಕೆದಾರನಿಗೆ ಇಂಥ ತಪ್ಪು ೨೭,೦೦೦ ವರ್ಷಕ್ಕೊಮ್ಮೆ ಎದುರಾದೀತು ಎಂದು ಕಂಪೆನಿ ಸಮಾಧಾನ ಹೇಳಿತು. ಅಗತ್ಯವನ್ನು ರುಜುವಾತುಪಡಿಸಿದವರಿಗೆ ಮಾತ್ರ ಬದಲಿ ಕೊಡುವೆನೆಂದಿತು. ಜನ ಕೆರಳಿದರು. ಭಾಗಾಕಾರದ ತಪ್ಪಿಗಿಂತ ಆ ಉತ್ತರದ ಧೋರಣೆ ಅವರನ್ನು ಹೆಚ್ಚು ನೋಯಿಸಿತ್ತು. ಡಿಸೆಂಬರಿನಲ್ಲಿ ಐಬಿಎಂ ಆ ಬಿಲ್ಲೆಯುಳ್ಳ ಯಂತ್ರಗಳ ರವಾನೆಯನ್ನು ನಿಲ್ಲಿಸಿತು. ೨೦ನೆಯ ತಾರೀಖು ಇಂಟೆಲ್ ಕ್ಷಮೆ ಕೇಳಿ, ಕೇಳಿದವರಿಗೆಲ್ಲ ಬದಲಿ ಕೊಡಲು ಒಪ್ಪಿತು, ಅದಕ್ಕಾಗಿ ೪೭.೫ ಕೋಟಿ ಡಾಲರನ್ನು ತೆತ್ತಿತು. 'ಇಂಟೆಲ್ ಇನ್‌ಸೈಡ್' ಎಂದು ೧೯೯೧ರಿಂದ ತಾನೇ ಮನೆ ಮನೆಗೆ ಸಾರಿದ ಹೆಸರು ಆ ದಿನ ಹೊಣೆಯ ಲೆಕ್ಕ ಕೇಳಿತ್ತು. ಮೂವತ್ತು ವರ್ಷಗಳ ಮೇಲೆ, ೨೦೨೪ರಲ್ಲಿ, ಅದೇ ಕಂಪೆನಿಯ ೧೩ ಮತ್ತು ೧೪ನೆಯ ಪೀಳಿಗೆಯ ಪ್ರಬಲ ಪ್ರೊಸೆಸರುಗಳು ಅಸ್ಥಿರವಾದಾಗ, ಬಹುಕಾಲ ದೂರುಗಳು ಹರಿದ ನಂತರ, ಅತಿಯಾದ ವೋಲ್ಟೇಜು ಕಾರಣವೆಂದು ಒಪ್ಪಿ, ಸೂಕ್ಷ್ಮಸಂಕೇತವನ್ನು ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಬಿಲ್ಲೆಯನ್ನು ಆ ತಿದ್ದುಪಡಿ ಬದುಕಿಸಲಾರದು. ಹೊಣೆ ತಡವಾಗಿ ಬಂತು, ಬಂದಿತಂತೂ ನಿಜ.

ಇದಕ್ಕೆ ಪ್ರತಿಯಾಗಿ ೨೦೨೦ರ ಒಂದು ಪ್ರಸಂಗವನ್ನು ಇಟ್ಟು ನೋಡಬೇಕು. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಹೆಚ್ಚು ಬರೆಯಲು ಒಂದು ಉಪಾಯವಿದೆ: ಮನೆಗೆ ಹೆಂಚು ಹೊದಿಸುವಂತೆ ಒಂದು ಪಥದ ಅಂಚಿನ ಮೇಲೆ ಇನ್ನೊಂದನ್ನು ಹೊದಿಸುವುದು. ಜಾಗ ಉಳಿಯುತ್ತದೆ. ಆದರೆ ನಡುವಿನ ಹೆಂಚೊಂದನ್ನು ಬದಲಿಸಬೇಕಾದರೆ ಮೇಲಿನವನ್ನು ಎತ್ತಬೇಕು. ಹೀಗಾಗಿ ಮರುಬರವಣಿಗೆ ನಿಧಾನ. ಹಲವು ಡಿಸ್ಕುಗಳನ್ನು ಕೂಡಿಸಿ ಕಡತಗಳನ್ನು ಕಾಪಾಡುವ ಪೆಟ್ಟಿಗೆಗಳಿಗೆಂದೇ ಮಾರುತ್ತಿದ್ದ 'ರೆಡ್' ಎಂಬ ಸಾಲಿನಲ್ಲಿ ವೆಸ್ಟರ್ನ್ ಡಿಜಿಟಲ್ ಈ ಉಪಾಯವನ್ನು ಹೇಳದೆಯೇ ಬಳಸಿತ್ತು. ಅದು ಹೊರಬಿದ್ದಾಗ ಸೀಗೇಟ್, ತೋಷಿಬಾಗಳೂ ತಮ್ಮ ಕೆಲವು ಡಿಸ್ಕುಗಳಲ್ಲಿ ಹಾಗೆಯೇ ಮಾಡಿದ್ದುವೆಂದು ತಿಳಿದುಬಂತು. ವೆಸ್ಟರ್ನ್ ಡಿಜಿಟಲ್ ಕೊನೆಗೆ ೨೭ ಲಕ್ಷ ಡಾಲರಿಗೆ ರಾಜಿಯಾಯಿತು. ಇಲ್ಲಿ ಯಂತ್ರ ಕೆಟ್ಟಿರಲಿಲ್ಲ, ಕೆಟ್ಟಿದ್ದುದು ಮಾತು. ಇನ್ನೂ ಒಂದನ್ನು ಗಮನಿಸಬೇಕು: ಜಗತ್ತಿನಲ್ಲಿ ಡಿಸ್ಕು ಮಾಡುವ ಮೂವರೂ ಮರೆಮಾಚಿದ ಮೇಲೆ, ವಂಚಕನನ್ನು ಬಿಟ್ಟು ಪ್ರಾಮಾಣಿಕನಲ್ಲಿಗೆ ಹೋಗುವೆನೆಂಬ ಗ್ರಾಹಕನ ಶಪಥಕ್ಕೆ ಅರ್ಥವೇ ಉಳಿಯಲಿಲ್ಲ.

ವಂಚನೆಯ ಇನ್ನೊಂದು ಬಗೆ ೨೦೧೫ರ ಫೆಬ್ರವರಿಯಲ್ಲಿ ಬಯಲಾಯಿತು. ಲೆನೊವೊ ಕಂಪೆನಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ 'ಸೂಪರ್‌ಫಿಶ್' ಎಂಬ ಜಾಹೀರಾತಿನ ತಂತ್ರಾಂಶವನ್ನು ಮೊದಲೇ ತುಂಬಿಡಲಾಗಿತ್ತು. ಜಾಹೀರಾತನ್ನು ತೂರಿಸುವ ಸಲುವಾಗಿ ಅದು ಗುಪ್ತ ಸಂವಹನದ ಬೀಗವನ್ನೇ ಸಡಿಲಿಸುತ್ತಿತ್ತು. ಬ್ಯಾಂಕಿನೊಡನೆ ನಡೆಯುವ ವ್ಯವಹಾರವೂ ಪರರ ಕಣ್ಣಿಗೆ ಬೀಳುವ ಅಪಾಯವಿತ್ತು. ೨೦೧೭ರಲ್ಲಿ ಅಮೆರಿಕದ ಸರ್ಕಾರದೊಡನೆ ಒಪ್ಪಂದವಾಗಿ, ಕಂಪೆನಿ ೩೨ ರಾಜ್ಯಗಳಿಗೆ ೩೫ ಲಕ್ಷ ಡಾಲರನ್ನು ತೆತ್ತಿತು. ಯಂತ್ರದ ಕಟ್ಟಡ ಸೊಗಸಾಗಿಯೇ ಇತ್ತು; ಕೊಂಡವನನ್ನು ಸರಕಾಗಿ ಮಾರಲಾಗಿತ್ತು, ಅಷ್ಟೆ. ದೋಷವನ್ನು ಕ್ಷಮಿಸಬಹುದು, ವಂಚನೆಯನ್ನು ಕ್ಷಮಿಸುವ ಮೊದಲು ಅದು ಮರುಕಳಿಸದಂತೆ ಏನು ಕಟ್ಟುಪಾಡಾಯಿತೆಂಬುದನ್ನು ಕೇಳಬೇಕು.

ಹೆಸರಿನ ಆಯುಷ್ಯ

ಹೆಸರು ಚಿರಂಜೀವಿಯೂ ಅಲ್ಲ. ೧೯೪೫ರಲ್ಲಿ ಅಮಳನೇರಿನಲ್ಲಿ ಅಡಿಗೆ ಎಣ್ಣೆಯ ಕಾರ್ಖಾನೆಯಾಗಿ ಹುಟ್ಟಿ, ಮುಂದೆ ಬೆಂಗಳೂರಿನಲ್ಲಿ ನೆಲೆಗೊಂಡ ವಿಪ್ರೊ, ೧೯೮೦ರ ದಶಕದಿಂದ ತನ್ನ ಹೆಸರಿನಲ್ಲಿ ಗಣಕಯಂತ್ರಗಳನ್ನು ಮಾಡುತ್ತಿತ್ತು. ನಮ್ಮ ನಾಡಿನ ಎಷ್ಟೋ ಕಚೇರಿಗಳಲ್ಲಿ ಆ ಹೆಸರು ಮಿನುಗುತ್ತಿತ್ತು. ೨೦೧೩ರಲ್ಲಿ ಆ ತಯಾರಿಕೆಯನ್ನು ಅದು ನಿಲ್ಲಿಸಿತು. ಐಬಿಎಂ ತನ್ನ ಕೀರ್ತಿವಂತ 'ಥಿಂಕ್‌ಪ್ಯಾಡ್' ಅನ್ನು ೨೦೦೫ರಲ್ಲಿ ಲೆನೊವೊಗೆ ಒಪ್ಪಿಸಿತು. ಗ್ರಾಹಕ ಸೇವೆಗೆ ಹೆಸರಾಗಿದ್ದ ಇವಿಜಿಎ ೨೦೨೨ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ವ್ಯಾಪಾರವನ್ನು ಬಿಟ್ಟಿತು. ಕ್ರೂಷಿಯಲ್‌ನ ಮಾತು ಮೊದಲೇ ಬಂದಿದೆ. ಮಾರಿದ ವಸ್ತುಗಳ ವಾರಂಟಿಯನ್ನು ನಡೆಸಿಕೊಡುವುದಾಗಿ ಮೈಕ್ರಾನ್ ಹೇಳಿರುವುದು ಮೆಚ್ಚತಕ್ಕ ಸಂಗತಿ. ಆದರೂ ಹೆಸರಿಗೆ ಒಲಿದು ಬೆಲೆ ಹೆಚ್ಚು ತೆರುವವನು, ತಾನು ಕೊಳ್ಳುತ್ತಿರುವುದು ನಿನ್ನೆಯ ಕೀರ್ತಿಯನ್ನೋ ನಾಳೆಯ ಹೊಣೆಯನ್ನೋ ಎಂದು ಕೇಳಿಕೊಳ್ಳುವುದು ಒಳಿತು.

ರಾಷ್ಟ್ರಗಳೂ ಇಂದು ಹೆಸರುಗಳ ಬಗ್ಗೆ ಚಿಂತಿಸತೊಡಗಿವೆ. ಭಾರತವು ೨೦೨೧ರ ಜೂನಿನಿಂದ ದೂರಸಂಪರ್ಕ ಜಾಲಗಳಿಗೆ 'ವಿಶ್ವಾಸಾರ್ಹ ಮೂಲ'ಗಳಿಂದಲೇ ಉಪಕರಣಗಳನ್ನು ಕೊಳ್ಳಬೇಕೆಂದು ವಿಧಿಸಿತು. ೨೦೨೪ರ ಏಪ್ರಿಲಿನಲ್ಲಿ ಕಾವಲು ಕ್ಯಾಮರಾಗಳ ವಿಷಯದಲ್ಲಿ ಹೊರಡಿಸಿ ೨೦೨೫ರ ಏಪ್ರಿಲ್ ೯ರಿಂದ ಜಾರಿಗೆ ತಂದ ನಿಯಮ ಒಂದು ಹೆಜ್ಜೆ ಮುಂದೆ ಹೋಗಿದೆ: ಯಾವ ದೇಶದ, ಯಾವ ಹೆಸರಿನ ಕ್ಯಾಮರಾವಾದರೂ ಸರಿ, ಪ್ರಯೋಗಾಲಯದಲ್ಲಿ ಭದ್ರತೆಯ ಪರೀಕ್ಷೆಗೆ ಒಳಪಡಬೇಕು. ಹೆಸರಿನ ಮೇಲಿನ ಸಂಶಯಕ್ಕಿಂತ ವಸ್ತುವಿನ ಪರೀಕ್ಷೆ ಮೇಲೆಂಬ ವಿವೇಕ ಇದರಲ್ಲಿದೆ. ಇದರ ವೆಚ್ಚವೂ ವಿಳಂಬವೂ ಸಣ್ಣ ತಯಾರಕರಿಗೆ ಹೊರೆಯಾಗದಂತೆ ನೋಡಿಕೊಂಡರೆ, ಇದೇ ಸರಿಯಾದ ದಾರಿ.

ಕೊಳ್ಳುವವರ ನೆನಪು

ಇಷ್ಟೆಲ್ಲ ಕೇಳಿದ ಮೇಲೆ ವಿದ್ಯಾರ್ಥಿ ಕೇಳುತ್ತಾನೆ: ಅದೆಲ್ಲ ಸರಿ, ನಾನು ಏನನ್ನು ಕೊಳ್ಳಲಿ? ಅವನಿಗೆ ನಾನು ಹೇಳುವ ಮಾತುಗಳು ಕೆಲವೇ. ಕಂಪೆನಿಯ ಹೆಸರಿನಲ್ಲಿ ನಿಲ್ಲದೆ ಮಾಡೆಲಿನ ಪೂರ್ಣ ಸಂಕೇತವನ್ನು ಬರೆದುಕೊಂಡು ಅದನ್ನೇ ವಿಚಾರಿಸಬೇಕು. ಪೇಟೆಗೆ ಬಂದ ಮೊದಲ ತಿಂಗಳಲ್ಲೇ ಕೊಳ್ಳುವ ಆತುರ ಬೇಡ. ದೋಷಗಳು ಹೊರಬೀಳಲು ಕಾಲಾವಕಾಶ ಬೇಕು. ವಾರಂಟಿಯ ಪತ್ರವನ್ನು ಹಣ ಕೊಡುವ ಮೊದಲು ಓದಬೇಕು. ಬೆಂಗಳೂರಿನಲ್ಲಿ ಹತ್ತು ಸೇವಾಕೇಂದ್ರಗಳಿದ್ದು ತನ್ನ ಜಿಲ್ಲೆಯಲ್ಲಿ ಒಂದೂ ಇಲ್ಲದ ಕಂಪೆನಿ ಅವನ ಪಾಲಿಗೆ ಅರ್ಧ ಕಂಪೆನಿ. ಸ್ಮೃತಿಫಲಕ, ಡಿಸ್ಕು, ಬ್ಯಾಟರಿಗಳನ್ನು ಬದಲಿಸಲು ಬರುತ್ತದೆಯೇ, ಬೆಸುಗೆ ಹಾಕಿ ಮುಚ್ಚಿದೆಯೇ ಎಂಬುದನ್ನು ತಿಳಿಯಬೇಕು. ಮೇಜಿನ ಯಂತ್ರವಾದರೆ ಹಣ ಉಳಿಸಲು ಎಲ್ಲರೂ ಮೊದಲು ಕೈಹಾಕುವ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲೇ ಉಳಿಸಬಾರದು. ಅದು ಕೆಡುವಾಗ ಒಂಟಿಯಾಗಿ ಹೋಗದೆ ಮಿಕ್ಕವನ್ನೂ ಜೊತೆಗೆ ಕರೆದೊಯ್ಯುವುದುಂಟು. ರಸೀದಿಯನ್ನು ಜೋಪಾನ ಮಾಡಬೇಕು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷಯುಕ್ತ ವಸ್ತುವಿಗೆ ತಯಾರಕನನ್ನೂ ಮಾರಾಟಗಾರನನ್ನೂ ಹೊಣೆ ಮಾಡುತ್ತದೆ. ೧೯೧೫ ಎಂಬುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ. ದುರಸ್ತಿಯ ಸುಲಭತೆಗೆ ಅಂಕ ಕೊಡುವ ಪದ್ಧತಿಯನ್ನು ಫ್ರಾನ್ಸ್ ೨೦೨೧ರಲ್ಲಿ ತಂದಿತು. ನಮ್ಮಲ್ಲೂ ಅಂಥದೊಂದು ಸೂಚ್ಯಂಕಕ್ಕಾಗಿ ನೇಮಿಸಿದ ಸಮಿತಿ ೨೦೨೫ರ ಮೇ ತಿಂಗಳಲ್ಲಿ ವರದಿಯನ್ನು ಒಪ್ಪಿಸಿದೆ. ಅದು ಪೆಟ್ಟಿಗೆಯ ಮೇಲಿನ ಅಂಕವಾಗಿ ಕಾಣುವಂತಾದರೆ, ಕೊಳ್ಳುವವನಿಗೆ ಪ್ರತ್ಯಕ್ಷ ಪ್ರಮಾಣದ ಒಂದು ಎಳೆಯಾದರೂ ಮರಳಿ ದೊರೆತಂತಾಗುತ್ತದೆ.

ಆದರೆ ವ್ಯಕ್ತಿಯೊಬ್ಬನ ಜಾಗರೂಕತೆಯಿಂದ ಈ ಕೆಲಸ ತೀರದು. ನಾನು ಬಲ್ಲ ಕಾಲೇಜೊಂದರ ಪ್ರಯೋಗಶಾಲೆಗೆ ಒಮ್ಮೆ ಹಲವು ಯಂತ್ರಗಳು ಬಂದುವು. ಎರಡು ಮಳೆಗಾಲ ಕಳೆಯುವುದರೊಳಗೆ ಒಂದೊಂದಾಗಿ ಹಾಸಿಗೆ ಹಿಡಿದುವು. ಕೆಟ್ಟುದನ್ನು ಮೂಲೆಗೆ ಸರಿಸಲಾಯಿತು, ಕರೆದಾಗ ಬಾರದ ಸೇವಾಕೇಂದ್ರದವರನ್ನು ಶಪಿಸಲಾಯಿತು. ಆದರೆ ಯಾವುದು ಯಾವ ದಿನ ಕೆಟ್ಟಿತು, ಏನು ಕೆಟ್ಟಿತು, ಎಷ್ಟು ದಿನಕ್ಕೆ ಸರಿಯಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಮುಂದಿನ ಖರೀದಿಯ ವೇಳೆಗೆ ಅಧಿಕಾರಿಗಳೂ ಬದಲಾಗಿದ್ದರು, ಅಧ್ಯಾಪಕರೂ ವರ್ಗವಾಗಿದ್ದರು. ಮೇಜಿನ ಮೇಲಿದ್ದುದು ಟೆಂಡರಿನ ಬೆಲೆಪಟ್ಟಿಯೊಂದೇ. ಅದರ ತಲೆಯಲ್ಲಿ ಅದೇ ಹಳೆಯ ಹೆಸರಿತ್ತು. ಅನುಭವ ಇತ್ತು, ಅನುಭವದ ದಾಖಲೆ ಇರಲಿಲ್ಲ. ದಾಖಲೆಯಿಲ್ಲದ ಅನುಭವ ಗೊಣಗಾಟವಾಗುತ್ತದೆ, ಪ್ರಮಾಣವಾಗುವುದಿಲ್ಲ.

ಮಾರುವವರ ನೆನಪು ಸಂಘಟಿತವಾದುದು. ಅದಕ್ಕೆ ಕಚೇರಿಯಿದೆ, ಸಂಬಳದ ಜನರಿದ್ದಾರೆ, ಜಾಹೀರಾತೆಂಬ ದನಿಯಿದೆ. ಕೊಳ್ಳುವವರ ನೆನಪು ಚೆದರಿದುದು. ಒಬ್ಬೊಬ್ಬರ ಸಿಟ್ಟಾಗಿ ಹುಟ್ಟಿ ಒಬ್ಬೊಬ್ಬರ ಮರೆವಾಗಿ ಸಾಯುತ್ತದೆ. ಬ್ಯಾಕ್‌ಬ್ಲೇಜ್ ಮಾಡಿದ ಕೆಲಸದಲ್ಲಿ ಪವಾಡವೇನೂ ಇರಲ್ಲಿಲ್ಲ: ಲೆಕ್ಕ ಇಟ್ಟಿತು, ಇಟ್ಟುದನ್ನು ಬಚ್ಚಿಡಲಿಲ್ಲ. ನಮ್ಮ ರಾಜ್ಯದ ಪ್ರತಿಯೊಂದು ಕಾಲೇಜೂ ಗ್ರಂಥಾಲಯವೂ ತಾನು ಕೊಂಡ ಯಂತ್ರಗಳಿಗೆ ಒಂದು ಪುಸ್ತಕವನ್ನು ತೆರೆಯಬಾರದೇಕೆ? ಮಾಡೆಲು, ಕೊಂಡ ತಾರೀಖು, ಕೆಟ್ಟ ತಾರೀಖು, ಕೆಟ್ಟ ಭಾಗ, ಸೇವೆಗೆ ಹಿಡಿದ ದಿನಗಳು. ಐದೇ ಕಾಲಮುಗಳು ಸಾಕು. ವಿಶ್ವವಿದ್ಯಾನಿಲಯವೊಂದು ಅವನ್ನು ವರ್ಷಕ್ಕೊಮ್ಮೆ ಕೂಡಿಸಿ ಕನ್ನಡದಲ್ಲಿ ಪ್ರಕಟಿಸಿದರೆ, ನಮ್ಮ ಧೂಳು, ನಮ್ಮ ಸೆಕೆ, ನಮ್ಮ ಕರೆಂಟು ಇವುಗಳಲ್ಲಿ ಯಾವ ಯಂತ್ರ ಬಾಳುತ್ತದೆಂಬುದು ಯಾವ ವಿದೇಶೀ ಲೆಕ್ಕವೂ ಹೇಳಲಾರದಷ್ಟು ಸ್ಪಷ್ಟವಾಗಿ ತಿಳಿದೀತು. ಲೆಕ್ಕದ ವಿದ್ಯಾರ್ಥಿಗಳಿಗೆ ಅದರಲ್ಲಿ ಅಭ್ಯಾಸ. ಕೊಳ್ಳುವ ಅಧಿಕಾರಿಗೆ ಆಧಾರ. ಮಾರುವ ಕಂಪೆನಿಗೆ ಎಚ್ಚರ.

ವಸ್ತುವನ್ನು ಇದ್ದಂತೆ ಬಲ್ಲವರೂ ಬಲ್ಲಂತೆ ಹೇಳುವ ಇಚ್ಛೆಯುಳ್ಳವರೂ ಆದ ಆಪ್ತರು ಎಲ್ಲಿದ್ದಾರೆಂದು ನಾವು ಹುಡುಕುತ್ತಿದ್ದೇವೆ. ಯಂತ್ರಗಳನ್ನು ದಿನವೂ ಬಳಸುವ, ಮಾರುವ ಲಾಭವಿಲ್ಲದ ಲಕ್ಷಾಂತರ ವಿದ್ಯಾರ್ಥಿಗಳೂ ಅಧ್ಯಾಪಕರೂ ಈ ನಾಡಿನಲ್ಲಿದ್ದಾರೆ. ಅವರು ಬರೆದಿಡತೊಡಗಿದ ದಿನ, ಹೆಸರುಗಳು ತಮ್ಮ ಪ್ರಾಮಾಣ್ಯವನ್ನು ಅವರಲ್ಲಿ ಬಂದು ಕೇಳಬೇಕಾದೀತು.